ಕಾವಿಗೆ ಕೂತದ್ದು ಯಾರು?

‘ಕಾವಿಗೆ ಕೂತಿದೆ’ ಎಂದರೆ ನಮ್ಮ ಕಣ್ಮುಂದೆ ಬರುವುದು ಬುಟ್ಟಿಯಲ್ಲಿ ಗರಿ ಕೆದರಿಕೊಂಡ ಹೇಂಟೆ. ಒಲೆಗೆ, ಬಿಸಿಲಿಗೆ, ಚುನಾವಣೆಗೆ ಕೂಡ ಕಾವು ಉಂಟು. ಪಕ್ಕದಲ್ಲಿ ಮೊಟ್ಟೆ ಇದ್ದರೆ ಮಾತ್ರ ಆ ಪದ ತಾಯಿಯ ಸೊತ್ತಾಗಿಬಿಡುತ್ತದೆ. ಗೂಡಿನ ಮೇಲಿರುವ ಯಾವ ಹಕ್ಕಿಯ ಚಿತ್ರ ಅಚ್ಚಾದರೂ ಅಡಿಬರಹ ‘ತಾಯಿಹಕ್ಕಿ’ ಎಂದೇ ಇರುತ್ತದೆ. ಇದು ಪದದ ತಪ್ಪಲ್ಲ, ನಮ್ಮ ಅಭ್ಯಾಸದ್ದು. ‘ಕಾಯು’ ಎಂಬಲ್ಲಿ ಎರಡು ಹಳೆಯ ಧಾತುಗಳು ಬಂದು ಸೇರಿವೆ: ಒಂದರ ಅರ್ಥ ಬಿಸಿಯಾಗುವುದು, ಇನ್ನೊಂದರದು ರಕ್ಷಿಸುವುದು. ದೋಸೆಯ ಕಾವಲಿ ಮೊದಲನೆಯದರಿಂದ ಬಂತು, ಹೊಲದ ಕಾವಲು ಎರಡನೆಯದರಿಂದ. ಎರಡರಲ್ಲೂ ಗಂಡು ಹೆಣ್ಣೆಂಬ ಭೇದವಿಲ್ಲ. ‘ಹಕ್ಕಿ ಕೂತಿದೆ’ ಎನ್ನುವಾಗ ನಮ್ಮ ವ್ಯಾಕರಣವೂ ಲಿಂಗ ಕೇಳುವುದಿಲ್ಲ.

ಈ ಎರಡು ಅರ್ಥವನ್ನೂ ಒಂದೇ ಮೈಯಲ್ಲಿ ನಡೆಸುವ ಹಕ್ಕಿ ನಮ್ಮ ತಾವರೆ ಕೆರೆಗಳಲ್ಲೇ ಇದೆ: ಜಕಾನ, ಅಂದರೆ ದೇವನಕ್ಕಿ. ತೇಲುವ ಎಲೆಗಳ ಮೇಲೆ ಅಸಾಧ್ಯ ಉದ್ದದ ಬೆರಳುಗಳನ್ನು ಹರಡಿ ನಡೆಯುವುದರಿಂದ ಗುರುತು ಕಷ್ಟವಲ್ಲ. ಇದರಲ್ಲಿ ಎರಡು ಜಾತಿ. ಕಂಚಿನ ರೆಕ್ಕೆಯದಕ್ಕೆ ಹೊಳೆವ ಕಪ್ಪು ಕತ್ತು, ಕಣ್ಣ ಮೇಲೆ ಬಿಳಿ ಹುಬ್ಬು, ಮೊಟಕು ಬಾಲ. ಇನ್ನೊಂದಕ್ಕೆ ಮಳೆಗಾಲದಲ್ಲಿ, ಮರಿ ಮಾಡುವ ಹೊತ್ತಿಗೆ, ಕುಡುಗೋಲಿನಂತೆ ಬಾಗಿದ ಉದ್ದ ಬಾಲ ಬರುತ್ತದೆ. ಮುಖ ಬಿಳಿ, ಕತ್ತಿನ ಹಿಂಭಾಗ ಬಂಗಾರದ ಹಳದಿ. ಗಂಡು ಹೆಣ್ಣಿನ ಬಣ್ಣ ಒಂದೇ. ಹೆಣ್ಣೇ ದೊಡ್ಡದು. ತನ್ನ ಜಾಗಕ್ಕಾಗಿ ಕಾದಾಡುವುದೂ, ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವುದೂ ಅದೇ. ಒಂದು ಗಂಡಿಗೆ ನಾಲ್ಕು ಮೊಟ್ಟೆ ಇಟ್ಟುಕೊಟ್ಟು ಮುಂದಿನ ಗಂಡಿನ ಕಡೆ ಹೋಗುತ್ತದೆ. ಉದ್ದ ಬಾಲದ ಜಾತಿಯಲ್ಲಿ ಗಂಡು ಒಬ್ಬಂಟಿಯಾಗಿ 26ರಿಂದ 28 ದಿನ ಕಾವು ಕೊಡುತ್ತದೆ. ಗೂಡೆಂದರೆ ನೀರಿನ ಮೇಲಿನ ಒದ್ದೆ ಸೊಪ್ಪು, ಅಷ್ಟೇ. ನೀರು ಏರಿದರೆ ಮೊಟ್ಟೆಗಳನ್ನು ಬೇರೆಡೆ ಸಾಗಿಸುವುದೂ ಗಂಡೇ. ಆಫ್ರಿಕಾದ ಜಕಾನದಲ್ಲಿ ಬಿಸಿಲು ಸುಡತೊಡಗಿದಾಗ ಗಂಡು ಮೊಟ್ಟೆಗೆ ನೆರಳು ಹಿಡಿಯುತ್ತದೆ. ಅಲ್ಲಿಗೆ ಕಾವು ಎಂದರೆ ಬಿಸಿ ಕೊಡುವುದಷ್ಟೇ ಅಲ್ಲ, ಬಿಸಿಯಿಂದ ಕಾಯುವುದೂ ಹೌದು. ಕಂಚಿನ ರೆಕ್ಕೆಯ ಗಂಡು ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವುಚಿ ಎತ್ತಿಕೊಂಡು ನಡೆಯುತ್ತದೆ. ಆಗ ಪಕ್ಕೆಯಿಂದ ಇಳಿಬಿದ್ದ ಮರಿಗಾಲುಗಳಷ್ಟೇ ಹೊರಗೆ ಕಾಣುತ್ತವೆ. ಈ ಚಿತ್ರದ ಕೆಳಗೆ ‘ತಾಯಿಯ ಮಮತೆ’ ಎಂದು ಬರೆದರೆ ಅದು ಅಪ್ಪಟ ಸುಳ್ಳು.

ತಾಯಿ ಎಂಬುದು ಹೆಣ್ಣಿಗಿಂತ ದೊಡ್ಡ ಪದ, ತಾಯಿಬೇರು, ತಾಯ್ನಾಡು ಎನ್ನುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ಆದರೆ ಬೇರಿನ ವಿಷಯದಲ್ಲಿ ಓದುಗ ಮೋಸ ಹೋಗುವುದಿಲ್ಲ. ಹಕ್ಕಿಯ ವಿಷಯದಲ್ಲಿ ಹೋಗುತ್ತಾನೆ. ಕೂತದ್ದು ಹೆಣ್ಣು, ದೂರದಲ್ಲಿ ಕಾದಾಡುತ್ತಿರುವುದು ಗಂಡು ಎಂದೇ ನಂಬುತ್ತಾನೆ. ಹಾಗೆ ನಂಬಿದವನಿಗೆ, ತೇಲುಗೂಡುಗಳು ಪದೇ ಪದೇ ಹಾಳಾಗುವ ಕಡೆ ಕಾವಿನಿಂದ ಬಿಡುವಾದ ಹೆಣ್ಣು ಮತ್ತೆ ಬೇಗ ಮೊಟ್ಟೆ ಇಡಬಲ್ಲದು ಎಂಬ ಸೊಗಸಾದ ಲೆಕ್ಕಾಚಾರ ಹೊಳೆಯುವುದೇ ಇಲ್ಲ. ಒಂದು ಅಪವಾದಕ್ಕಾಗಿ ರೂಢಿಯ ಮಾತು ಬದಲಿಸಬೇಕೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಹೊತ್ತು ನಿಲ್ಲದು. ಪಾರಿವಾಳದಲ್ಲಿ ನಡುಹಗಲಿನ ಪಾಳಿ ಗಂಡಿನದು. ಮರಕುಟಿಗಗಳಲ್ಲಿ ಬಹುಪಾಲು ಜಾತಿಗಳ ರಾತ್ರಿಯ ಕಾವು ಗಂಡಿನದು. ಬರೆಯುವವರು ಹೊಸ ಪದವನ್ನೇನೂ ಹುಟ್ಟಿಸಬೇಕಿಲ್ಲ. ಗೊತ್ತಿಲ್ಲದ ಕಡೆ ‘ತಾಯಿ’ ಬಿಟ್ಟು ‘ಕಾವಿಗೆ ಕೂತ ಹಕ್ಕಿ’ ಎಂದರಾಯಿತು.