ಒಂಬತ್ತನೆಯ ಪುಟ

ನಮ್ಮ ಊರಿನ ಪುಸ್ತಕದಂಗಡಿಗಳಲ್ಲಿ ಜೂನ್ ತಿಂಗಳಿನಲ್ಲಿ ನೋಟ್‌ಬುಕ್ಕು ಮಾರಾಟವಾದರೆ, ಆಗಸ್ಟ್ ಬಂತೆಂದರೆ ‘ಪ್ರಾಜೆಕ್ಟು’ ಮಾರಾಟವಾಗುತ್ತದೆ. ಹೊಯ್ಸಳರ ಚಾರ್ಟು, ಥರ್ಮೋಕೋಲಿನ ಗೋಳಗುಮ್ಮಟ, ಇಂಟರ್‌ನೆಟ್ಟಿನಿಂದ ಇಳಿಸಿ ಬೈಂಡು ಮಾಡಿಸಿದ ವಿಜಯನಗರ. ಮಗು ಮಲಗಿದ ಮೇಲೆ ಅಡುಗೆಮನೆ ಒರೆಸಿ, ಅಂಟು ಕತ್ತರಿ ಹಿಡಿದು ಕೂರುವ ತಾಯಂದಿರ ಪಾಡು ನನಗೆ ಗೊತ್ತು. ನನ್ನ ಮಗನ ಸೌರಮಂಡಲ ಮಾಡಿದವಳೂ ನಾನೇ. ಶನಿಗ್ರಹಕ್ಕೆ ನನ್ನದೇ ಒಂದು ಬಳೆ ತೊಡಿಸಿದ್ದೆ. ‘ಎ ಪ್ಲಸ್’ ಬಂತು. ಅವನಿಗಲ್ಲ, ನನಗೆ.

ಬಿ.ಎಡ್. ಓದುವಾಗ ‘ಪ್ರಾಜೆಕ್ಟ್ ವಿಧಾನ’ವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅಮೆರಿಕದ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಆ ಹೆಸರಿನ ಪ್ರಬಂಧ ಬರೆದ. ಮಗು ತನ್ನದೇ ಉದ್ದೇಶ ಇಟ್ಟುಕೊಂಡು ಮನಃಪೂರ್ವಕ ಮಾಡುವ ಕೆಲಸದಿಂದಲೇ ಕಲಿಯುತ್ತದೆ ಎಂಬುದು ಅವನ ವಾದ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣ ಕೈಕಸುಬಿನ ಮೂಲಕ ಪಾಠ ಹೇಳಿತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಹಳ್ಳಿಯ ಮಕ್ಕಳು ತಾವೇ ಪ್ರಯೋಗ ಮಾಡಿ ವಿಜ್ಞಾನ ಕಲಿಯತೊಡಗಿದರು. ಅಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯಬಹುದಿತ್ತು. ನೂರಾರು ಶಾಲೆಗೆ ಹಬ್ಬಿದ್ದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ನಂತರ ನಿರಂತರ ಮೌಲ್ಯಮಾಪನವೆಂದು ಪ್ರಾಜೆಕ್ಟು ನಮ್ಮ ತರಗತಿಗೂ ಬಂತು. ಬಂದದ್ದೇ ಅಂಗಡಿಗೆ ಹೋಯಿತು.

2012ರಲ್ಲಿ ಏಳನೇ ತರಗತಿಯವರಿಗೆ ನಾನು ಒಂದು ಕರಾರು ಹಾಕಿದೆ. ಒಂದು ತಿಂಗಳು ಸಮಯ. ಪ್ರಶ್ನೆ ನಿಮ್ಮದೇ ಆಗಬೇಕು, ನಿಮ್ಮ ಮನೆಯೊಳಗಿನದಾಗಬೇಕು. ಚಾರ್ಟು ಕೂಡದು, ಅಮ್ಮ ಕೂಡದು. ಮೂವರು ಹಿರಿಯರನ್ನಾದರೂ ಕೇಳಿ ಬರೆಯಬೇಕು.

ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಬಟ್ಟೆಚೀಲದಿಂದ ಒಂದು ಹಿತ್ತಾಳೆ ಪಾವು ತೆಗೆದು ಮೇಜಿನ ಮೇಲಿಟ್ಟಳು. “ಟೀಚರ್, ನಮ್ಮನೆ ಪಾವು, ಪಕ್ಕದ ಮನೆ ಪಾವು ಯಾಕೆ ಒಂದೇ ಸಮ ಇಲ್ಲ?”

ಉತ್ತರ ನನಗೂ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟರಿಂದ ಅಳತೆಯ ಜಾಡಿ ಕೊಡಿಸಿದೆ. ಅವಳು ಐದು ಮನೆಯ ಐದು ಪಾವುಗಳಲ್ಲಿ ನೀರು ತುಂಬಿ ಅಳೆದಳು. ಎರಡು ಮಾತ್ರ ಒಂದೇ ಸಮ ಬಂದವು. ಪಾವು ನಾಲ್ಕಾದರೆ ಸೇರು, ಕೊಳಗ ಇಪ್ಪತ್ತಾದರೆ ಖಂಡುಗ ಎಂದು ನಾವೆಲ್ಲ ಮಗ್ಗಿಯ ಹಾಗೆ ಹೇಳುತ್ತಿದ್ದೆವು. ಆದರೆ ಒಂದೂರಿನ ಕೊಳಗ ಇನ್ನೊಂದೂರಿನ ಕೊಳಗವಲ್ಲ. 1800–01ರಲ್ಲಿ ನಮ್ಮ ಸೀಮೆ ಸುತ್ತಿದ ಬುಕನನ್ ಕೂಡ ಊರೂರಿಗೆ ಬದಲಾಗುವ ಅಳತೆಗಳನ್ನು ಬರೆದಿಟ್ಟಿದ್ದಾನೆ. ಶಾಸನಗಳಲ್ಲಿ ದತ್ತಿಬಿಟ್ಟ ಗದ್ದೆಯನ್ನು ಎಷ್ಟು ಬೀಜ ಬಿತ್ತಬಹುದೆಂಬ ಲೆಕ್ಕದಲ್ಲಿ ಕೊಳಗ, ಖಂಡುಗ ಎಂದೇ ಹೇಳುತ್ತಿದ್ದರು. 1956ರ ಕಾಯಿದೆ ಬಂದು, ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾದ ಮೇಲೆಯೇ ದೇಶಕ್ಕೆಲ್ಲ ಒಂದೇ ಅಳತೆಯಾದದ್ದು. ಇಷ್ಟನ್ನು ಆ ಮಗುವಿಗಾಗಿ ಹುಡುಕಿ ನಾನೂ ಕಲಿತೆ.

ಅವಳ ಪುಸ್ತಕ ಹನ್ನೆರಡು ಪುಟ. ಒಂಬತ್ತನೆಯದು ಅಜ್ಜಿ ಹೇಳಿದ್ದು. ಅಜ್ಜಿಯ ಮನೆಯವರು ಗೇಣಿಗೆ ಗದ್ದೆ ಮಾಡುತ್ತಿದ್ದರು. ಸುಗ್ಗಿಯಲ್ಲಿ ಗೇಣಿ ಭತ್ತ ಅಳೆಯಲು ಒಡೆಯರ ಮನೆಯಿಂದಲೇ ಕೊಳಗ ಬರುತ್ತಿತ್ತು. ಅದರಲ್ಲಿ ಗುಪ್ಪೆ ಏರಿಸಿ ಅಳೆಯುವುದು. ಮಳೆಗಾಲದಲ್ಲಿ ಸಾಲ ಕೇಳಲು ಹೋದರೆ ಬೇರೆ ಕೊಳಗ, ಅದನ್ನು ಅಂಗೈಯಿಂದ ಅಂಚಿಗೆ ಸಮ ಸವರಿ ಕೊಡುವುದು. “ಅಳೆಯುವವರು ಒಂದು ಅನ್ನದೆ ‘ಲಾಭ’ ಅಂತ ಶುರು ಮಾಡ್ತಿದ್ರು. ಲಾಭ ಯಾರಿಗೆ ಅಂತ ಮಾತ್ರ ಹೇಳ್ತಿರಲಿಲ್ಲ” ಎಂದು ಅಜ್ಜಿ ಹೇಳಿದ್ದನ್ನು ಹಾಗೆಯೇ ಬರೆದಿದ್ದಳು. 1974ರ ಭೂಸುಧಾರಣೆಯಲ್ಲಿ ಅವಳ ತಾತ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಗೆ ಅಲೆದು, ಆ ಗದ್ದೆಯನ್ನು ತಮ್ಮದಾಗಿಸಿಕೊಂಡರಂತೆ. ಕೊನೆಗೆ ಒಡೆಯರ ಮನೆಯ ಹೆಸರೂ ಇತ್ತು.

ಶಾಲೆಯ ವಸ್ತುಪ್ರದರ್ಶನಕ್ಕೆ ಮುಖ್ಯ ಅತಿಥಿ ಅದೇ ಮನೆಯವರು. ನಮ್ಮ ತರಗತಿಯ ಬೆಂಚುಗಳು ಅವರು ಕೊಟ್ಟವು. ನನಗೆ ಯಾರೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಮೊದಲೇ ನಾನು ಹೆದರಿದೆ. ಹಿಂದಿನ ಸಂಜೆ ಅವಳನ್ನು ಕರೆದು, “ಈ ಒಂದು ಪುಟ ಈಗ ಬೇಡ ಪುಟ್ಟೀ, ಉಳಿದದ್ದು ಚೆನ್ನಾಗಿದೆ” ಎಂದೆ. ಹೆಸರೊಂದನ್ನು ಹೊಡೆದುಹಾಕಿದ್ದರೆ ಸಾಕಾಗುತ್ತಿತ್ತು. ಅಷ್ಟೂ ಹೊಳೆಯಲಿಲ್ಲ.

“ಅಜ್ಜಿ ಸುಳ್ಳು ಹೇಳಿದ್ದಾರಾ ಟೀಚರ್?”

“ಇಲ್ಲಮ್ಮ.”

ಅವಳು ಮತ್ತೇನೂ ಕೇಳಲಿಲ್ಲ. ಪುಟ ಬಿಡಿಸಿ ನನ್ನ ಕೈಗೆ ಕೊಟ್ಟಳು. ಮರುದಿನ ಅತಿಥಿಗಳು ಪುಸ್ತಕ ತಿರುವಿ, ಹಿತ್ತಾಳೆ ಪಾವನ್ನು ಕೈಯಲ್ಲಿ ಹಿಡಿದು, “ನಮ್ಮ ಮನೆಯಲ್ಲೂ ಇಂಥವು ಬಹಳ ಇದ್ದವು” ಎಂದು ಸಂತೋಷಪಟ್ಟರು. ಅವರಲ್ಲಿ ಕೆಟ್ಟತನವೇನೂ ನನಗೆ ಕಾಣಲಿಲ್ಲ. ಆ ಪುಟ ಓದಿದ್ದರೂ ತಲೆದೂಗುತ್ತಿದ್ದರೇನೋ! ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಪ್ರದರ್ಶನ ಮುಗಿದ ಮೇಲೆ ನೋಡಿದೆ. ಹುಡುಗಿ ಪುಟಗಳ ಅಂಕಿ ತಿದ್ದಿರಲಿಲ್ಲ. ಎಂಟಾದ ಮೇಲೆ ಹತ್ತು.

ಹತ್ತಕ್ಕೆ ಹತ್ತು ಅಂಕ ಕೊಟ್ಟೆ. ಅದು ಅಂಕವೋ, ನನ್ನ ತಪ್ಪಿಗೆ ಕಟ್ಟಿದ ದಂಡವೋ, ಈಗಲೂ ತಿಳಿಯದು. ಅಂಗಡಿಯ ಚಾರ್ಟು ತರುವ ಮಕ್ಕಳನ್ನು ಗದರಿಸುವಾಗ ಆ ಸಂಜೆ ನೆನಪಾಗುತ್ತದೆ. ಚಾರ್ಟಿನ ಹೊಯ್ಸಳರು ಯಾರನ್ನೂ ನೋಯಿಸುವುದಿಲ್ಲ, ಯಾವ ಬೆಂಚನ್ನೂ ಅಲುಗಿಸುವುದಿಲ್ಲ. ಮಗು ನಿಜವಾಗಿ ಸ್ವಂತ ಕೇಳಿ ತಿಳಿಯತೊಡಗಿದರೆ ಉತ್ತರ ಎಲ್ಲಿಗೆ ಹೋಗಿ ನಿಲ್ಲುತ್ತದೋ ಟೀಚರಿಗೂ ಗೊತ್ತಿರುವುದಿಲ್ಲ. ಆಗ ಟೀಚರು ಮಗುವಿನ ಪಕ್ಕದಲ್ಲಿ ನಿಲ್ಲಬೇಕು. ಕಿಲ್‌ಪ್ಯಾಟ್ರಿಕ್‌ನನ್ನು ಬಾಯಿಪಾಠ ಮಾಡಿದ ನನಗೆ ಅದನ್ನು ಕಲಿಯಲು ಹನ್ನೆರಡು ವರ್ಷದ ಹುಡುಗಿ ಬೇಕಾದಳು.

ಈಗಲೂ ಪ್ರತಿವರ್ಷ ಅದೇ ಕರಾರು ಹಾಕುತ್ತೇನೆ. ಒಂದು ಮಾತು ಹೆಚ್ಚಿಗೆ ಸೇರಿಸಿದ್ದೇನೆ: ಬರೆದ ಪುಟವನ್ನು ಯಾರು ಹೇಳಿದರೂ ತೆಗೆಯಬಾರದು, ನಾನು ಹೇಳಿದರೂ. ಆ ಒಂಬತ್ತನೆಯ ಪುಟ ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇದೆ. ಅದನ್ನು ಇನ್ನೂ ಅವಳಿಗೆ ಹಿಂದಿರುಗಿಸಿಲ್ಲ.