ಎಷ್ಟು ರಾತ್ರಿಗೆ ಬಾಡಿಗೆ? ವಿಸ್ಕಾನ್ಸಿನ್‌ನ ಸಣ್ಣ ಊರುಗಳ ನಿಯಮ

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಹೋದರೆ ಸೀಡರ್‌ಬರ್ಗ್ ಸಿಗುತ್ತದೆ. ಜನಸಂಖ್ಯೆ 12 ಸಾವಿರದ ಆಸುಪಾಸು. ಹೊಳೆದಂಡೆಯ ಹಳೆಯ ಕಲ್ಲಿನ ಗಿರಣಿಗಳನ್ನೂ ಜೂನ್ ತಿಂಗಳ ಸ್ಟ್ರಾಬೆರಿ ಹಬ್ಬವನ್ನೂ ನೋಡಲು ಬರುವವರಿಗೆ ತಂಗಲು ಜಾಗ ಬೇಕು. ಇಡೀ ಮನೆಯನ್ನೇ ನಾಲ್ಕಾರು ರಾತ್ರಿಗೆ ಬಾಡಿಗೆಗೆ ಬಿಡುವವರು ಹುಟ್ಟಿಕೊಳ್ಳುವುದು ಹೀಗೆ. ಇದನ್ನು ತಡೆಯಲು ಹೋದ ಸೀಡರ್‌ಬರ್ಗ್ ನಗರಾಡಳಿತ ಕೋರ್ಟಿನಲ್ಲಿ ಸೋತಿತು.

2015ರ ತೀರ್ಪು

ಏಕಕುಟುಂಬದ ಮನೆಗಳಿಗೆಂದು ಗುರುತಿಸಿದ ವಲಯದಲ್ಲಿ ಇಂಥ ಬಾಡಿಗೆ ಸಲ್ಲದು ಎಂಬುದು ನಗರದ ವಾದ. ರಾಜ್ಯದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಮನೆಯಲ್ಲಿ ಕನಿಷ್ಠ ಎಷ್ಟು ದಿನ ಇರಬೇಕೆಂದು ನಗರದ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆಯದ ನಿರ್ಬಂಧವನ್ನು ಆಸ್ತಿಯ ಮಾಲೀಕರ ಮೇಲೆ ಹೇರುವಂತಿಲ್ಲ ಎಂದಾಯಿತು. ಮಿಷಿಗನ್ ಸರೋವರದ ಆಚೆ ದಡದ ಮಿಷಿಗನ್ ರಾಜ್ಯದಲ್ಲಿ 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತದ್ವಿರುದ್ಧವಾಗಿ ಹೇಳಿತು: ಅಲ್ಪಾವಧಿ ಬಾಡಿಗೆ ಏಕಕುಟುಂಬದ ವಾಸವಲ್ಲ. ಆದ್ದರಿಂದ ಒಂದು ರಾಜ್ಯದ ನಿಯಮ ನೋಡಿ ಪಕ್ಕದ ರಾಜ್ಯದಲ್ಲಿ ಮನೆ ಕೊಳ್ಳುವುದು ಅಪಾಯದ ಕೆಲಸ.

ಏಳು ರಾತ್ರಿ, 180 ದಿನ

2017ರಲ್ಲಿ ವಿಸ್ಕಾನ್ಸಿನ್ ಶಾಸನಸಭೆ ಬಜೆಟ್ ಮಸೂದೆಯೊಳಗೇ ಇದಕ್ಕೊಂದು ಕಲಮು ಸೇರಿಸಿತು. ಅದರ ಪ್ರಕಾರ ಸತತ ಏಳು ದಿನ ಅಥವಾ ಹೆಚ್ಚಿನ ಅವಧಿಯ ಬಾಡಿಗೆಯನ್ನು ಯಾವ ಊರೂ ನಿಷೇಧಿಸುವಂತಿಲ್ಲ. ಏಳಕ್ಕಿಂತ ಕಡಿಮೆ ದಿನದವಕ್ಕೆ ಈ ರಕ್ಷಣೆ ಇಲ್ಲ. ಕೆಲವು ಊರುಗಳು ಕನಿಷ್ಠ ಒಂದು ವಾರ ಎಂದು ಪಟ್ಟು ಹಿಡಿಯುವುದು ಇದೇ ಬಲದ ಮೇಲೆ.

ಏಳರಿಂದ 29 ದಿನದ ಬಾಡಿಗೆಗಳಿಗೆ ಊರು ವಾರ್ಷಿಕ ಮಿತಿ ಹಾಕಬಹುದು, ಆದರೆ ಅದು 180 ದಿನಕ್ಕಿಂತ ಕಡಿಮೆ ಇರಕೂಡದು. ನಿಜವಾದ ಪೆಟ್ಟು ಇರುವುದು ಮುಂದಿನ ಮಾತಿನಲ್ಲಿ: ಆ ದಿನಗಳು ಒಂದೇ ಓಟದಲ್ಲಿ ಮುಗಿಯಬೇಕೆಂದೂ ಊರು ವಿಧಿಸಬಹುದು. ಮೇ 1ಕ್ಕೆ ಮೊದಲ ಬಾಡಿಗೆ ಶುರುವಾಯಿತೆನ್ನಿ. ಮನೆ ಖಾಲಿ ಬಿದ್ದ ದಿನಗಳೂ ಲೆಕ್ಕಕ್ಕೆ ಸೇರಿ ಅಕ್ಟೋಬರ್ 27ಕ್ಕೆ ಬಾಗಿಲು ಮುಚ್ಚಬೇಕು. ಬೇಸಿಗೆಯೂ ಎಲೆ ಕೆಂಪಾಗುವ ಕಾಲವೂ ಸಿಕ್ಕವು. ಹಿಮದ ಮೇಲೆ ಮೀನು ಹಿಡಿಯಲು ಬರುವ ಗಿರಾಕಿ ಕೈತಪ್ಪಿದ.

ಲೈಸೆನ್ಸು

ವರ್ಷಕ್ಕೆ ಹತ್ತು ರಾತ್ರಿಗಿಂತ ಹೆಚ್ಚು ಬಾಡಿಗೆಗೆ ಕೊಟ್ಟರೆ ರಾಜ್ಯದ ‘ಟೂರಿಸ್ಟ್ ರೂಮಿಂಗ್ ಹೌಸ್’ ಲೈಸೆನ್ಸು ಬೇಕು. ವಿಚಿತ್ರವೆಂದರೆ ಇದು ಪ್ರವಾಸೋದ್ಯಮದವರ ಕೈಯಲ್ಲಿಲ್ಲ. ಕೃಷಿ, ವ್ಯಾಪಾರ ಮತ್ತು ಗ್ರಾಹಕ ರಕ್ಷಣಾ ಇಲಾಖೆಯ ಕೆಲಸ. ಹಲವೆಡೆ ಸ್ಥಳೀಯ ಆರೋಗ್ಯ ಇಲಾಖೆಯೇ ಅದರ ಪರವಾಗಿ ತಪಾಸಣೆ ನಡೆಸುತ್ತದೆ. ಹೊಗೆಯ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಪತ್ತೆಯ ಸಾಧನ, ಸ್ವಂತ ಬೋರ್‌ವೆಲ್ ಇದ್ದರೆ ನೀರಿನ ಪರೀಕ್ಷೆ, ಅತಿಥಿಗಳ ದಾಖಲೆ ಇವೆಲ್ಲ ನೋಡುತ್ತಾರೆ. ಊರಿನದೇ ಲೈಸೆನ್ಸು ಇದ್ದಲ್ಲಿ ಅದೂ ಬೇಕು. ನಿಷೇಧಿಸುವ ಅಧಿಕಾರ ಕಳೆದುಕೊಂಡ ಊರುಗಳು ಕಾರು ಎಲ್ಲಿ ನಿಲ್ಲಿಸಬೇಕು, ಕಸ ಯಾವಾಗ ಹೊರಗಿಡಬೇಕು, ನಡುರಾತ್ರಿ ಗಲಾಟೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದರಲ್ಲಿ ಬಿಗಿ ತೋರಿಸುತ್ತವೆ. ನೆರೆಹೊರೆಯವರ ದೂರುಗಳೂ ಬಹುಪಾಲು ಇವೇ ಆದ್ದರಿಂದ ಈ ಬಿಗಿ ನಿಷೇಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೆರಿಗೆ

ರಾಜ್ಯದ ಮಾರಾಟ ತೆರಿಗೆ 5 ಶೇಕಡ. ಅದರ ಮೇಲೆ ಬಹುತೇಕ ಕೌಂಟಿಗಳಲ್ಲಿ ಅರ್ಧ ಶೇಕಡ. ಊರಿನ ಕೋಣೆ ತೆರಿಗೆ ಬೇರೆ, ಸಾಮಾನ್ಯವಾಗಿ 8 ಶೇಕಡ ಮೀರದಂತೆ. ಏರ್‌ಬಿಎನ್‌ಬಿಯಂಥ ತಾಣಗಳ ಮೂಲಕ ಬಂದ ಬುಕಿಂಗಿಗೆ ಅವೇ ವಸೂಲಿ ಮಾಡಿ ಕಟ್ಟುತ್ತವೆ. ಪರಿಚಯದವರಿಗೆ ನೇರವಾಗಿ ಕೊಟ್ಟರೆ ಹೊಣೆ ಮಾಲೀಕನದು. ಕೋಣೆ ತೆರಿಗೆಯಲ್ಲಿ ಕನಿಷ್ಠ 70 ಶೇಕಡ ಪ್ರವಾಸೋದ್ಯಮದ ಪ್ರಚಾರಕ್ಕೇ ಹೋಗಬೇಕೆಂಬುದು ಸಾಮಾನ್ಯ ನಿಯಮ. ಪ್ರವಾಸಿಗರ ಕಾಟ ಎಂದು ಗೊಣಗುವ ಊರು, ಅವರ ದುಡ್ಡಿನಲ್ಲೇ ಇನ್ನಷ್ಟು ಜನರನ್ನು ಕರೆಯುತ್ತದೆ.

ಕ್ರಯಪತ್ರದ ಷರತ್ತುಗಳು

ಸರ್ಕಾರ ಒಪ್ಪಿದರೂ ಬಡಾವಣೆಯ ಕರಾರು ಅಡ್ಡ ಬರಬಹುದು. ಹೇವರ್ಡ್ ಬಳಿಯ ಸರೋವರದ ದಂಡೆಯ ಬಡಾವಣೆಯೊಂದರಲ್ಲಿ ‘ವಾಣಿಜ್ಯ ಚಟುವಟಿಕೆ ಕೂಡದು’ ಎಂಬ ಷರತ್ತಿತ್ತು. ಅಷ್ಟರಿಂದಲೇ ಅಲ್ಪಾವಧಿ ಬಾಡಿಗೆ ನಿಲ್ಲುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಆದರೆ ಷರತ್ತಿನಲ್ಲಿ ದಿನಗಳ ಸಂಖ್ಯೆಯನ್ನೇ ಬಿಡಿಸಿ ಬರೆದಿದ್ದರೆ ಮಾಲೀಕನಿಗೆ ಈ ತೀರ್ಪಿನ ಆಸರೆ ಸಿಗುವುದು ಕಷ್ಟ.