ತುಂಗಭದ್ರೆಯ ಒಡಲ ಹಸಿರು

ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರೆ ಎಂದೊಡನೆ ನೆನಪಾಗುವುದು ಟಿಎಂಸಿ ಲೆಕ್ಕ. ಗಂಗಾವತಿಯ ಭತ್ತದ ಗದ್ದೆಗೂ ಮಳೆಯನ್ನೇ ನೆಚ್ಚಿದ ತಳಕಲ್ ಸೀಮೆಯ ಎರೆಹೊಲಕ್ಕೂ ಇರುವ ಅಂತರ ಆ ಲೆಕ್ಕದ್ದೇ. ಆದರೆ ಆ ನೀರಿನೊಳಗೆ ಏನು ಬೆಳೆಯುತ್ತದೆ ಎಂಬುದನ್ನೂ ಹಿಂದೆ ಶ್ರದ್ಧೆಯಿಂದ ಅಳೆದಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿದಿರಲಾರದು.

1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟೆಯಲ್ಲಿ ನೀರು ನಿಂತದ್ದು 1953ರಲ್ಲಿ. ಹರಿಯುತ್ತಿದ್ದ ಹೊಳೆ ಸುಮಾರು 378 ಚದರ ಕಿ.ಮೀ. ಹರವಿನ ಜಲಾಶಯವಾಯಿತು. ಈ ಹೊಸ ನೀರಿನಲ್ಲಿ ಮೀನು ಎಷ್ಟು ಬೆಳೆದೀತು? ಮೀನಿನ ಲೆಕ್ಕಕ್ಕೆ ಅದರ ಮೇವಿನ ಲೆಕ್ಕ ಬೇಕು. ಮೇವಿನ ಮೂಲ ನೀರಿನೊಳಗಿನ ಸಸ್ಯ. ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಹಲವು ವರ್ಷ ನೀರನ್ನೂ ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಮೀನನ್ನೂ ಅಭ್ಯಸಿಸಿದರು. ಎ. ಡೇವಿಡ್ ಮತ್ತು ಸಂಗಡಿಗರ ವರದಿ 1969ರಲ್ಲಿ ಪ್ರಕಟವಾಯಿತು.

ಇಂಥ ಅಧ್ಯಯನದ ಸಾಧನಗಳು ತೀರ ಸರಳ. ಕಪ್ಪು-ಬಿಳುಪು ಬಣ್ಣ ಬಳಿದ ತಟ್ಟೆಯೊಂದನ್ನು ಹಗ್ಗ ಕಟ್ಟಿ ಇಳಿಬಿಡುವುದು. ಅದು ಕಣ್ಮರೆಯಾದ ಆಳವೇ ನೀರಿನ ತಿಳಿಯ ಅಳತೆ. ಇಟಲಿಯ ಖಗೋಳಜ್ಞ ಪಾದ್ರಿ ಆಂಜೆಲೊ ಸೆಕಿ 1865ರಲ್ಲಿ ಪರೀಕ್ಷಿಸಿದ ಈ ತಟ್ಟೆ ಇಂದಿಗೂ ಬಳಕೆಯಲ್ಲಿದೆ. ಬೆಳಕು ಇಳಿಯುವಷ್ಟೇ ಆಳಕ್ಕೆ ಸಸ್ಯದ ಬದುಕು. ಮಳೆಗಾಲದ ಕೆನ್ನೀರಿನಲ್ಲಿ ಆ ಆಳ ತೀರ ಕಡಿಮೆ.

ಬೇರೂರಿ ಬೆಳೆಯುವ ಜಲಸಸ್ಯಕ್ಕೆ ಇಂಥ ಜಲಾಶಯ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಮುಳುಗಿದ ಅಂಚು ಬೇಸಿಗೆಯಲ್ಲಿ ಬಾಯ್ಬಿಟ್ಟ ನೆಲವಾಗುತ್ತದೆ. ಶಾಲೆಯ ಪ್ರಯೋಗದಲ್ಲಿ ಆಲಿಕೆಯಡಿ ಗುಳ್ಳೆ ಬಿಡುವ ಹೈಡ್ರಿಲಾದಂಥ ಗಿಡಕ್ಕೆ ಕಾಲುವೆಯೇ ವಾಸಿ. ಅಲ್ಲಿ ಅದು ಹಬ್ಬಿದರೆ ನೀರಿನ ಓಟ ಕುಗ್ಗುತ್ತದೆ. ಪೆಟ್ಟು ಬೀಳುವುದು ಕೊನೆಭಾಗದ ರೈತನಿಗೆ.

ಜಲಾಶಯದಲ್ಲಿ ಆಳುವುದು ಬರಿಗಣ್ಣಿಗೆ ಕಾಣದ ಪಾಚಿ. ಊರಿನ ಕೊಳಚೆ, ಹೊಲದ ಗೊಬ್ಬರದ ಸಾರಜನಕ, ರಂಜಕಗಳು ನಿಂತ ನೀರಿಗೆ ಸೇರಿ ಬಿಸಿಲೂ ಬಿದ್ದರೆ ಅದು ಏಕಾಏಕಿ ಹೆಚ್ಚುತ್ತದೆ. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರಾ ಹಿನ್ನೀರು ಹಸಿರಾಗಿ ಜನ ಗಾಬರಿಗೊಂಡದ್ದುಂಟು. ಇಂಥ ಹಸಿರಿಗೆ ಹಲವು ವೇಳೆ ಕಾರಣ ನೀಲಿ-ಹಸಿರು ಪಾಚಿ. ಹೆಸರು ಪಾಚಿಯಾದರೂ ವಿಜ್ಞಾನದ ಲೆಕ್ಕದಲ್ಲಿ ಅದು ಬ್ಯಾಕ್ಟೀರಿಯಾ! ಅದರ ಕೆಲವು ಜಾತಿಗಳು ವಿಷ ಉತ್ಪಾದಿಸುತ್ತವೆ. ಮೈಕ್ರೋಸಿಸ್ಟಿನ್ ಎಂಬ ವಿಷ ನೀರು ಕುದಿಸಿದರೂ ಹೋಗದು. ಜಲಾಶಯದ ನೀರನ್ನೇ ಕುಡಿಯುವ ಊರುಗಳಿಗೆ ಇದು ಸಣ್ಣ ಮಾತಲ್ಲ.

ಹೂಳಿನ ಲೆಕ್ಕಕ್ಕೆ ಮಾತ್ರ ಬರವಿಲ್ಲ. 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದದ್ದು ಸಮೀಕ್ಷೆಗಳಿಂದ ಗೊತ್ತಾಗಿದೆ. ರಾಜ್ಯಗಳ ಪಾಲಿನ ಪ್ರಶ್ನೆ ಇರುವಲ್ಲಿ ಅಳತೆ ತಪ್ಪುವುದಿಲ್ಲ. ಪಾಚಿಗೆ ಪಾಲುದಾರರಿಲ್ಲ, ನೀರು ಹಸಿರಾದಾಗಲಷ್ಟೇ ಅದರ ಸುದ್ದಿ. ಆಗ ಇದು ಹೊಸ ಕಾಯಿಲೆಯೋ ಹಳೆಯದೋ ಎಂದು ಹೇಳಲು ಹಿಂದಿನ ದಾಖಲೆ ಬೇಕು. 1969ರ ವರದಿಗೆ ಬೆಲೆ ಬರುವುದು ಇಲ್ಲಿಯೇ.

ಈಗ ಉಪಗ್ರಹಗಳಿವೆ. ಯುರೋಪಿನ ಸೆಂಟಿನೆಲ್-2, 2015ರಿಂದ ನೆಲ-ನೀರಿನ ಚಿತ್ರ ತೆಗೆಯುತ್ತಿದ್ದು, ಹಸಿರು ಎಲ್ಲಿ ಹಬ್ಬಿದೆ ಎಂಬುದನ್ನು ತೋರಿಸಬಲ್ಲದು. ಮೋಡವಿದ್ದರೆ ಅದೂ ಕುರುಡು. ಹಸಿರಿನಲ್ಲಿ ವಿಷ ಇದೆಯೇ ಎಂಬುದಂತೂ ಆಕಾಶದಿಂದ ತಿಳಿಯದು; ಅದಕ್ಕೆ ಯಾರಾದರೂ ದೋಣಿಯಲ್ಲಿ ಹೋಗಿ ಒಂದು ಸೀಸೆ ನೀರು ತರಬೇಕು.